ಸಿಮೆಂಟಿಗೆ ನೀರು, ಸೊಪ್ಪಿಗೆ ಬೆಂಕಿ

ನಿಮ್ಮ ಮನೆಗೆ ನಾನು ಯಾವತ್ತಾದರೂ ಊಟಕ್ಕೆ ಬಂದರೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮುಖ ನೋಡುವ ಮುಂಚೆ ನಿಮ್ಮ ನೆಲ ನೋಡ್ತೀನಿ. ಗೋಡೆ ಬುಡದಲ್ಲಿ ಬಣ್ಣ ಸುಲಿದಿದೆಯಾ, ಮೂಲೆಯಲ್ಲಿ ಬಿಳಿ ಪುಡಿ ಕೂತಿದೆಯಾ, ಚಾಪೆ ಎತ್ತಿದರೆ ಮುಗ್ಗಲು ವಾಸನೆ ಬರುತ್ತಾ ಅಂತ. ಊಟಕ್ಕೆ ಕೂತ ಮೇಲೂ ಬೆರಳ ಗೆಣ್ಣಿನಲ್ಲಿ ನೆಲಕ್ಕೆ ಎರಡು ಸಲ ಕುಟ್ಟಿ ಟೊಳ್ಳು ಸದ್ದು ಬರುತ್ತಾ ಅಂತ ಕೇಳಿಸಿಕೊಳ್ತೀನಿ. ಮಗಳಿಗೆ ಗಂಡಿನ ಮನೆ ನೋಡೋಕೆ ಹೋದಾಗಲೂ ಇದೇ ಆಯಿತು. ವಾಪಸ್ ಬರುವಾಗ ನಮ್ಮ ಯಜಮಾನರು ಹುಡುಗ ಹೆಂಗಿದಾನೆ ಅಂತ ಕೇಳಿದರೆ, ಹಾಲ್ ಪರವಾಗಿಲ್ಲ, ಅಡುಗೆಮನೆ ಕಡೆ ತೇವ ಇದೆ ಅಂದೆನಂತೆ.

ಮೂವತ್ತು ವರ್ಷದ ಚಾಳಿ, ಎಲ್ಲಿ ಹೋಗುತ್ತೆ. ಹುಣಸೂರಿನ ಒಬ್ಬ ಕಟ್ಟಡದ ಕಂಟ್ರಾಕ್ಟರ್ ಹತ್ತಿರ ಸೈಟ್ ಇಂಜಿನಿಯರ್ ಆಗಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಬಿಟ್ಟು ಆಚೆ ಕೆಲಸ ಮಾಡಿದವಳಲ್ಲ. ಹೋದ ವರ್ಷ ಮಂಡಿ ಕೈಕೊಟ್ಟಿತು, ಸಾಕು ಅಂತ ಕೆಲಸ ಬಿಟ್ಟೆ. ಈಗ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಇಳಿಯುತ್ತಿರುವ ನಾಲ್ಕು ಹೆಣ್ಣುಮಕ್ಕಳು ಮನೆಗೆ ಬಂದು, ಮೇಡಂ ನಿಮ್ಮ ಅನುಭವ ಬರೆದುಕೊಡಿ ಅಂತ ಹಟ ಹಿಡಿದರು. ನನಗೆ ಯಾವಾಗ ಸಂಬಳ ಏರಿತು, ಯಾರು ಶಾಲು ಹೊದಿಸಿದರು ಅಂತ ಬರೆಯೋಕೆ ಕೂತರೆ ನನಗೇ ಆಕಳಿಕೆ. ಕೆಟ್ಟ ನೆಲಗಳ ಕಥೆಯಾದರೆ ಎಷ್ಟು ಬೇಕಾದರೂ ಹೇಳ್ತೀನಿ. ಅದರಲ್ಲೂ ಒಂದು ನೆಲ ಇದೆ, ಅದನ್ನು ಕೆಡಿಸಿದವಳು ನಾನೇ.

ನಮ್ಮ ಕಂಟ್ರಾಕ್ಟರ್ ಶಿವಣ್ಣನವರು ಒಳ್ಳೆಯವರು, ಆದರೆ ನಂಬಿಕೆ ಕಡಿಮೆ. ಹೆಣ್ಣುಮಗಳು ಸೈಟಿನಲ್ಲಿ ನಿಲ್ತಾಳಾ ನೋಡೋಣ ಅಂತ ಮೂರು ತಿಂಗಳು ಗಡುವು ಹಾಕಿ ಸೇರಿಸಿಕೊಂಡರು. ನಿಲ್ಲದಿದ್ದರೆ ಆಫೀಸಿನಲ್ಲಿ ಕೂತು ಬಿಲ್ಲು ಟೈಪ್ ಮಾಡೋದು. ನನಗೋ ಆ ಟೈಪ್‌ರೈಟರ್ ಕಂಡರೆ ಮೈ ಉರಿ. ಹೆಂಗಾದರೂ ಮಾಡಿ ಸೈಟಿನಲ್ಲೇ ಉಳಿಯಬೇಕು ಅಂತ ಒಂದೇ ಆಸೆ.

ಮೊದಲ ತಿಂಗಳೇ ಎಡವಟ್ಟು. ಕೆ.ಆರ್. ನಗರದಲ್ಲಿ ನಾಲೆ ಪಕ್ಕದ ಮನೆಯೊಂದರಲ್ಲಿ ರೆಡ್ ಆಕ್ಸೈಡ್ ನೆಲ ಬೆಳಗಾದರೆ ಒದ್ದೆ ಒದ್ದೆ ಅಂತ ದೂರು ಬಂತು. ಹೋಗಿ ನೋಡಿದೆ, ಬಗ್ಗಿ ಮುಟ್ಟಿದೆ, ಎರಡೇ ನಿಮಿಷದಲ್ಲಿ ತೀರ್ಮಾನ ಕೊಟ್ಟೆ. ಮನೆಗೆಲಸದ ಹೆಂಗಸು ಬಟ್ಟೆ ಹಿಂಡದೆ ನೆಲ ಒರೆಸ್ತಾಳೆ, ಅಷ್ಟೇ. ಅವಳನ್ನು ಕರೆಸಿ ಬಟ್ಟೆ ಹಿಂಡೋದು ಹೆಂಗೆ ಅಂತ ಪಾಠವನ್ನೂ ಮಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಅಕ್ಕಾ, ನಾನು ತವರಿಗೆ ಹೋಗಿ ಎಂಟು ದಿನ ಆಗಿತ್ತು, ಈಗಷ್ಟೇ ಬಸ್ಸಿಳಿದು ಬಂದೆ ಅಂದಳು. ಮನೆಯವರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗ್ತಾ ಇದಾರೆ, ನಾನು ನೆಲ ನೋಡ್ತಾ ನಿಂತಿದೀನಿ. ಆಗ ಮೂಲೆಯಲ್ಲಿ ಬಿಳಿ ಪುಡಿ ಕಂಡಿತು. ರಂಗೋಲಿ ಚೆಲ್ಲಿದೆ ಅಂದುಕೊಂಡು ಅದನ್ನೂ ಕಾಲಲ್ಲಿ ಒರೆಸಿಬಿಟ್ಟೆ. ಮಾರನೇ ದಿನ ಅಲ್ಲೇ, ಅಷ್ಟೇ ಪುಡಿ ಮತ್ತೆ ಎದ್ದಿತ್ತು.

ನಾಲೆಗೆ ನೀರು ಬಿಟ್ಟು ವಾರವಾಗಿತ್ತು. ನೆಲದ ಕೆಳಗೆ ಬರೀ ಮಣ್ಣು ತುಂಬಿ ಮೇಲೆ ಕಾಂಕ್ರೀಟ್ ಬಡಿದಿದ್ದರು. ಮಣ್ಣು ನೀರನ್ನು ಮೇಲಕ್ಕೆ ಹೀರುತ್ತೆ, ನೀರು ಉಪ್ಪನ್ನು ಹೊತ್ತು ಬರುತ್ತೆ, ನೀರು ಆರಿಹೋಗುತ್ತೆ, ಉಪ್ಪು ಬಿಳಿ ಪುಡಿಯಾಗಿ ಅಲ್ಲೇ ಕೂರುತ್ತೆ. ಹಾಗಾಗಿ ಮಕ್ಕಳಾ, ಒದ್ದೆ ನೆಲ ಕಂಡರೆ ಮನುಷ್ಯರನ್ನು ಬೈಯುವ ಮುಂಚೆ ಮೂರು ಕಡೆ ನೋಡಿ. ಕೆಳಗಿಂದ ಬಂತಾ, ಪಕ್ಕದ ಗೋಡೆ ಪೈಪಿನಿಂದ ಬಂತಾ, ಮೇಲಿಂದ ಬಿತ್ತಾ ಅಂತ. ಶಿವಣ್ಣನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಇನ್ನೊಂದು ಇಂಥದ್ದಾದರೆ ಟೈಪ್‌ರೈಟರ್ ಕಾಯ್ತಾ ಇದೆ ನೋಡಮ್ಮ ಅಂದರು.

ಆಮೇಲೆ ಬಂದಿದ್ದು ಕಟ್ಟೆಮಳಲವಾಡಿ ಕೆಲಸ. ಅಲ್ಲಿ ಹೊಗೆಸೊಪ್ಪು ಬೆಳೆಯುವ ಹನ್ನೊಂದು ಮನೆಯವರು ಸೇರಿ ಒಂದು ದಾಸ್ತಾನು ಕೊಠಡಿ ಕಟ್ಟಿಸ್ತಾ ಇದ್ದರು. ಬ್ಯಾರನ್ ಅನ್ನುವ ಕಾವಿನ ಮನೆಯಲ್ಲಿ ಬೇಯಿಸಿದ ಸೊಪ್ಪನ್ನು ಪಿಂಡಿ ಪಿಂಡಿಯಾಗಿ ಬೇಲು ಕಟ್ಟಿ ಹರಾಜಿನ ಸರದಿ ಬರುವವರೆಗೆ ಒಣಗಿದ ಜಾಗದಲ್ಲಿ ಇಡಬೇಕು. ಮನೆಯ ನೆಲದ ಮೇಲೆ ಇಟ್ಟರೆ ಅಡಿಯ ಬೇಲು ತೇವ ಕುಡಿದು ಬೂಸ್ಟು ಹಿಡಿಯುತ್ತೆ. ಪ್ರತಿ ವರ್ಷ ಇದೇ ಗೋಳು. ಇದಕ್ಕೊಂದು ದಾರಿ ಮಾಡಬೇಕು ಅಂತ ಮನೆಮನೆಗೆ ತಿರುಗಿ ಹನ್ನೊಂದು ಜನರನ್ನು ಒಪ್ಪಿಸಿದವರು ಜಯಮ್ಮ. ಆಗ ನಲವತ್ತರ ಆಸುಪಾಸು. ಎರಡೆಕರೆ ಸೊಪ್ಪು ಬೆಳೆಯೋರು, ಬ್ಯಾರನ್ನಿನ ಉಸ್ತುವಾರಿ ಪೂರ್ತಿ ಅವರದೇ, ಗಂಡನ ಕೈಗೆ ಥರ್ಮಾಮೀಟರ್ ಕೂಡ ಕೊಡ್ತಿರಲಿಲ್ಲ. ನೆಲ ಮಾತ್ರ ಒಂದು ತೊಟ್ಟು ನೀರು ಮೇಲಕ್ಕೆ ಬಿಡಬಾರದು, ನಾನು ಎಲ್ಲಾರ್ಗೂ ಮಾತು ಕೊಟ್ಟಿವ್ನಿ ಅಂತ ಮೊದಲ ದಿನವೇ ನನಗೆ ಹೇಳಿದ್ದರು. ಶಿವಣ್ಣನವರು ಕೆಲಸವನ್ನು ನನ್ನ ತಲೆಗೆ ಕಟ್ಟಿ, ಜಯಮ್ಮನ ಎದುರಿಗೇ, ಈ ನೆಲ ನಿಂತರೆ ನೀನೂ ನಿಂತೆ ಅಂದರು.

ಕಾಂಕ್ರೀಟ್ ಹಾಕಿದ ದಿನ ಎಲ್ಲ ಸಲೀಸಾಗಿ ನಡೆಯಿತು. ಮಾದಪ್ಪ ಮೇಸ್ತ್ರಿ ನೆಲವನ್ನು ಕನ್ನಡಿ ಮಾಡಿಟ್ಟರು. ಅವರೂ ನಾನೂ ಮಾರನೇ ದಿನದಿಂದ ಬೀಚನಹಳ್ಳಿಯ ಇನ್ನೊಂದು ಕೆಲಸಕ್ಕೆ ಹೋಗಬೇಕಿತ್ತು. ಸಂಜೆ ಬಸ್ಸು ಹೊರಟೇಬಿಟ್ಟಿತು, ನಾನು ಕಿಟಕಿಯಿಂದ ತಲೆ ಆಚೆ ಹಾಕಿ ಕೂಗಿದೆ.

"ಜಯಮ್ಮೋರೆ, ಏಳು ದಿನ ಚೆನ್ನಾಗಿ ಕ್ಯೂರಿಂಗ್ ಮಾಡಿಸಿ. ಒಂದು ಗಳಿಗೆನೂ ಬಿಡಬೇಡಿ."

ಜಯಮ್ಮ ಕೈಯೆತ್ತಿ, "ಅದ್ನ ನಮಗೆ ಯೋಳ್ಕೊಡ್ಬೇಕಾ, ನೀವು ಓಗಿ" ಅಂದರು. ಎಂಥ ಚುರುಕಿನ ಹೆಂಗಸಪ್ಪ ಅಂತ ನನಗೆ ಖುಷಿಯೋ ಖುಷಿ. ಬೀಚನಹಳ್ಳಿಯಲ್ಲಿ ಏಳು ದಿನ ಹಾಯಾಗಿ ಕಬಿನಿ ಮೀನು ತಿಂದುಕೊಂಡಿದ್ದೆ.

ಎಂಟನೇ ದಿನ ಬಸ್ಸಿಳಿದು ಬರ್ತೀನಿ, ಕೊಠಡಿಯ ಕಿಟಕಿಯಿಂದ ಸಣ್ಣಗೆ ಹೊಗೆ. ಓಡಿ ಹೋದರೆ ಊರಿನವರು ಮದುವೆ ಮನೆಯವರ ಹಾಗೆ ಬಾಗಿಲಲ್ಲಿ ಸಾಲಾಗಿ ನಿಂತಿದಾರೆ. ಕಿಟಕಿಗೆಲ್ಲ ಗೋಣಿಚೀಲ ಬಡಿದಿದಾರೆ. ಒಳಗೆ ನಾಲ್ಕು ಮೂಲೆಗೆ ನಾಲ್ಕು ಅರ್ಧ ಡ್ರಮ್ಮು, ಡ್ರಮ್ಮಿನ ತುಂಬ ಕೆಂಡ. ಗೋಡೆಯ ನಡುವಿಗೆ ಮೊಳೆ ಹೊಡೆದು ಬ್ಯಾರನ್ನಿನ ಥರ್ಮಾಮೀಟರ್ ತೂಗುಹಾಕಿದಾರೆ. ಒಳಗೆ ಕಾಲಿಟ್ಟರೆ ಕಣ್ಣುರಿ, ಕೆಮ್ಮು.

ಜಯಮ್ಮ ಹೆಮ್ಮೆಯಿಂದ ಲೆಕ್ಕ ಒಪ್ಪಿಸಿದರು. ಮೊದಲೆರಡು ದಿನ ಸಣ್ಣ ಕಾವು, ಆಮೇಲೆ ದಿನಕ್ಕಿಷ್ಟು ಅಂತ ಏರಿಸಿದ್ದು. ಮನೆಗೊಬ್ಬರಂತೆ ಪಾಳಿ ಹಾಕಿಕೊಂಡು ಬೆಂಕಿ ಆರದಂಗೆ ನೋಡಿಕೊಂಡಿದ್ದರು. ಕೊನೆಗೆ, "ನೆಲ ಚೆಂದಾಗಿ ಬೆಂದದೆ ನೋಡಿ ಇಂಜಿನೇರಮ್ಮ" ಅಂದರು.

ಅಯ್ಯೋ ಶಿವನೇ. ಆಗ ನನಗೆ ಹೊಳೆಯಿತು. ಆ ಸೀಮೆಯಲ್ಲಿ ಕ್ಯೂರಿಂಗ್ ಅಂದರೆ ಒಂದೇ ಅರ್ಥ. ಹಸಿ ಸೊಪ್ಪನ್ನು ಬ್ಯಾರನ್ನಿಗೆ ಏರಿಸಿ ಹೆಚ್ಚೂಕಮ್ಮಿ ಒಂದು ವಾರ ಕಾವು ಕೊಟ್ಟು ಒಣಗಿಸೋದು. ನಮ್ಮ ಪುಸ್ತಕದ ಕ್ಯೂರಿಂಗ್ ಅಂದರೆ ಹೊಸ ಕಾಂಕ್ರೀಟನ್ನು ಒಂದು ವಾರವಾದರೂ ನೀರಿನಲ್ಲಿ ನೆನೆಸಿಡೋದು. ಪದ ಒಂದೇ, ದಿನವೂ ಅಷ್ಟೇ, ಅವರದು ಬೆಂಕಿ, ನಮ್ಮದು ನೀರು. ಏಳು ದಿನ ನೀರು ಕುಡಿಯಬೇಕಿದ್ದ ನೆಲಕ್ಕೆ ಏಳು ದಿನ ಬೆಂಕಿ ಹಾಕಿಸಿದ್ದೆ. ನೆಲ ಸುಟ್ಟ ಹಪ್ಪಳದ ಥರ ಒಡೆದಿತ್ತು. ಪೊರಕೆ ಆಡಿಸಿದರೆ ಮೇಲೆಲ್ಲ ಹಿಟ್ಟು, ಕೋಲಿನಿಂದ ಕುಟ್ಟಿದರೆ ಡಬ್ ಡಬ್. ಅಂಥ ಬಿರುಕಿನ ನೆಲದಲ್ಲಿ ಮೊದಲ ಮಳೆಗೇ ತೇವ ಮೇಲಕ್ಕೆ ಬರ್ತದೆ. ನನಗೆ ನಗು ಬರ್ತಿದೆ, ಅಳು ಬರ್ತಿದೆ, ಕೆಮ್ಮು ಬರ್ತಿದೆ, ಯಾವುದನ್ನು ಮೊದಲು ಮಾಡಬೇಕು ಅಂತ ಗೊತ್ತಾಗ್ತಿಲ್ಲ. ಜಯಮ್ಮನ್ನ ಪಕ್ಕಕ್ಕೆ ಕರೆದು ಎರಡು ಕ್ಯೂರಿಂಗಿನ ಕಥೆ ಹೇಳಿದೆ. ಅವರ ಮುಖ ಇಳಿದುಹೋಯಿತು. ಮಾತು ಕೊಟ್ಟವರಲ್ಲವೇ ಅವರು.

ಅಷ್ಟರಲ್ಲಿ ಶಿವಣ್ಣನವರ ಜೀಪು ಬಂತು. ಒಳಗೆ ಒಂದು ಸುತ್ತು ಹಾಕಿ, ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು, ಹನ್ನೊಂದು ಮನೆಯವರ ಎದುರಿಗೇ, ಬೆಂಕಿ ಹಾಕೋಕೆ ಹೇಳಿದ್ದು ಯಾರು ಅಂತ ಕೇಳಿದರು. ನಾನು ಬಾಯಿ ತೆರೆದೆ. ಟೈಪ್‌ರೈಟರ್ ಕಣ್ಮುಂದೆ ಬಂತು. ಬಾಯಿ ಹಾಗೇ ಮುಚ್ಚಿಕೊಂಡಿತು.

"ನಂದೇ ತೆಪ್ಪು ಸ್ವಾಮಿ" ಅಂದರು ಜಯಮ್ಮ. "ಇಂಜಿನೇರಮ್ಮ ನೀರು ಕಟ್ಟಿ ಅಂತ್ಲೇ ಯೋಳುದ್ರು. ನಾನೇ ಸರಿಯಾಗಿ ಕೇಳುಸ್ಕಳ್ನಿಲ್ಲ."

ನಾನು ಸುಮ್ಮನೆ ನಿಂತೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತೆ. ಶಿವಣ್ಣನವರು ನನ್ನ ಕಡೆ ಒಂದು ಸಲ, ಜಯಮ್ಮನ ಕಡೆ ಒಂದು ಸಲ ನೋಡಿ, ಬಿರುಕಿನ ಮೇಲೆ ತೆಳ್ಳಗೆ ಗಾರೆ ಸಾರಿಸಿ ಮುಚ್ಚಿಬಿಡಿ ಅಂದರು. ಸುಳ್ಳಿಗೆ ಸುಮ್ಮನಿದ್ದವಳಿಗೆ ಅದೊಂದು ಮಾತಿಗೆ ಮಾತ್ರ ಧೈರ್ಯ ಬಂತು. ಆಗಲ್ಲ ಸಾರ್, ಸಾರಿಸಿದ್ದು ಆರು ತಿಂಗಳಿಗೆ ಪೊರೆ ಕಳಚಿಕೊಂಡು ಬರುತ್ತೆ, ಒಡೆದು ಹೊಸದಾಗಿ ಹಾಕಬೇಕು ಅಂದೆ. ಒಡೆಯೋಕೆ ಯಾರ ಆಳು ಅಂದರು. ನಾವೇ ಮುಯ್ಯಾಳು ಮಾಡ್ಕತೀವಿ ಅಂತ ಜಯಮ್ಮ ಅಂದರು. ಕಳೆ ಕೀಳೋಕೆ, ಸೊಪ್ಪು ಮುರಿಯೋಕೆ ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ದುಡಿಯುವ ಹಾಗೆ ಹನ್ನೊಂದು ಮನೆಯವರೂ ಬಂದು ಎರಡೇ ದಿನದಲ್ಲಿ ನೆಲ ಕಿತ್ತು ಹೊರಗೆ ಹಾಕಿದರು. ನಗೆಚಾಟಿಕೆ ಏನೂ ಕಮ್ಮಿ ಇರಲಿಲ್ಲ. ಬೆಂದ ನೆಲ ತಿಂದರೆ ಹಲ್ಲು ಗಟ್ಟಿಯಾಯ್ತದೆ ಅಂತ ಒಬ್ಬರಿಗೊಬ್ಬರು ಚೂರು ಕೊಡೋರು.

ಈ ಸಲ ನಾನು ಊಟ ಬಿಟ್ಟರೂ ಸೈಟು ಬಿಡಲಿಲ್ಲ. ಮಣ್ಣು ಗಟ್ಟಿಯಾಗೋ ಹಾಗೆ ದಮ್ಮಸ್ ಹಾಕಿಸಿ, ಅದರ ಮೇಲೆ ಅರ್ಧ ಅಡಿ ಬರೀ ದಪ್ಪ ಜಲ್ಲಿ. ಜಲ್ಲಿಯ ಸಂದಿನಲ್ಲಿ ನೀರು ಮಣ್ಣಿನಲ್ಲಿ ಹತ್ತಿದ ಹಾಗೆ ಹತ್ತೋಕಾಗಲ್ಲ. ಜಲ್ಲಿಯ ಮೇಲೆ ಚುಚ್ಚದ ಹಾಗೆ ತೆಳ್ಳಗೆ ಮರಳು, ಮರಳಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅಂಚು ಒಂದರ ಮೇಲೊಂದು ಅರ್ಧ ಅಡಿ ಬರುವ ಹಾಗೆ ಹೊದಿಸಿ, ಗೋಡೆಯ ಬುಡಕ್ಕೂ ಮಡಿಚಿ ಏರಿಸಿ. ಬೆಳಿಗ್ಗೆ ನೋಡಿದರೆ ಒಂದು ಮೂಲೆಯಲ್ಲಿ ಹಾಳೆಯೇ ಇಲ್ಲ. ಆಚೆ ಜಡಿಮಳೆ, ಮಾದಪ್ಪ ಮೇಸ್ತ್ರಿ ತಲೆ ಮೇಲೆ ಹೊಸ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬೀಡಿ ಸೇದುತ್ತಾ ನಿಂತಿದಾರೆ. ಮೇಸ್ತ್ರಿ, ನಿಮ್ಮ ತಲೆ ನೆನೆದರೆ ಒರೆಸಿಕೊಳ್ಳಬಹುದು, ನೆಲ ನೆನೆದರೆ ಒರೆಸೋಕಾಗಲ್ಲ ಅಂದೆ. ಮರ್ಯಾದೆಯಾಗಿ ಕೊಪ್ಪೆ ಬಿಚ್ಚಿಕೊಟ್ಟರು. ಅದರ ಮಡಿಕೆ ಹರಿದಿತ್ತು, ಹೊಸ ತುಂಡು ತರಿಸಿ ಮುಚ್ಚಿದ ಮೇಲೇ ಕಾಂಕ್ರೀಟ್ ಕಲೆಸೋಕೆ ಬಿಟ್ಟೆ.

ಹಾಕಿದ ಮಾರನೇ ದಿನ ಮಣ್ಣಿನ ಸಣ್ಣ ಬದು ಕಟ್ಟಿಸಿ ನೀರು ನಿಲ್ಲಿಸಿದೆ. ಕ್ಯೂರಿಂಗ್ ಅನ್ನುವ ಮಾತು ನಾಲಿಗೆ ಮೇಲೆ ಬರಲಿಲ್ಲ. ನೀರು ಕಟ್ಟಿ, ನೀರು ಕಟ್ಟಿ ಅಂತಲೇ ಹೇಳಿದೆ. ಈ ನಾಲ್ಕು ತಾಲ್ಲೂಕಿನಲ್ಲಿ ಆಮೇಲೆ ಯಾವತ್ತೂ ಆ ಪದ ಬಳಸಿಲ್ಲ. ಜಯಮ್ಮ ಶಾಲೆಯ ಮೇಷ್ಟರ ಕೈಲಿ ಬಾಗಿಲ ಪಕ್ಕ ದಪ್ಪಕ್ಷರದಲ್ಲಿ ಬರೆಸಿಬಿಟ್ಟರು: ಸಿಮೆಂಟಿಗೆ ನೀರು, ಸೊಪ್ಪಿಗೆ ಬೆಂಕಿ.

ನೀರು ತೆಗೆದ ಮೇಲೆ ಇನ್ನೊಂದು ತಲೆಬಿಸಿ. ಹೊಸ ನೆಲದ ಹೊಟ್ಟೆಯಲ್ಲೇ ಬೇಕಾದಷ್ಟು ನೀರು ಇರುತ್ತೆ. ಅದು ಆರುವ ಮುಂಚೆ ಬೇಲು ಪೇರಿಸಿದರೆ ಇಷ್ಟೆಲ್ಲ ಮಾಡಿದ್ದು ದಂಡ. ಅತ್ತ ಸೊಪ್ಪು ಬ್ಯಾರನ್ನಿನಿಂದ ಇಳಿಯುತ್ತಿದೆ, ಹನ್ನೊಂದು ಮನೆಯವರೂ ಬಾಗಿಲು ಯಾವಾಗ ತೆಗೀತೀರಿ ಅಂತ ಕೇಳ್ತಿದಾರೆ. ಕಾಲೇಜಿನಲ್ಲಿ ಕಲಿತ ಹಾಗೆ ನೆಲದ ಮೇಲೆ ಪ್ಲಾಸ್ಟಿಕ್ ಚೂರು ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದೆ. ಮಾರನೇ ದಿನ ಅಡಿಯಲ್ಲಿ ಒಂದು ಹನಿಯೂ ಇರಲಿಲ್ಲ. ಆಯ್ತು, ತನ್ನಿ ಬೇಲು ಅಂದೆ.

ಜಯಮ್ಮ ಒಪ್ಪಲಿಲ್ಲ. ಬ್ಯಾರನ್ನಿನ ಬಿಸಿಗೆ ಇನ್ನೂ ಗರಿಗರಿಯಾಗಿದ್ದ ಎರಡು ಎಲೆ ತಂದರು. ಒಂದನ್ನು ನೆಲದ ಮೇಲಿಟ್ಟು ಸ್ಟೀಲು ಬೋಗುಣಿ ಬೋರಲು ಹಾಕಿದರು. ಇನ್ನೊಂದನ್ನು ಒಣ ಹಲಗೆಯ ಮೇಲಿಟ್ಟು ಹಂಗೇ ಮುಚ್ಚಿದರು. ಬೆಳಿಗ್ಗೆ ತೆಗೆದು ನೋಡಿದರೆ ಹಲಗೆಯ ಮೇಲಿನ ಎಲೆ ಹಿಡಿದ ಕೂಡಲೇ ಪುಡಿ. ನೆಲದ ಮೇಲಿನ ಎಲೆ ಹಳೇ ಸೀರೆಯ ಹಾಗೆ ಮೆತ್ತಗೆ ಬೆರಳಿಗೆ ಸುತ್ತಿಕೊಂಡಿತು. ನನ್ನ ಪ್ಲಾಸ್ಟಿಕ್ಕಿಗೆ ಕಾಣದ ತೇವ ಆ ಎಲೆಗೆ ಗೊತ್ತಾಗಿತ್ತು. ನಿಮ್ಮ ನೆಲ ಇನ್ನೂವೇ ಉಸುರಾಡ್ತದೆ ಅಂದರು ಜಯಮ್ಮ.

ಆವತ್ತೇ ಜಯಮ್ಮ ಹನ್ನೊಂದು ಮನೆಯವರನ್ನು ಕೂರಿಸಿ, ನೆಲ ಆರುವವರೆಗೆ ಯಾರ ಸೊಪ್ಪೂ ಒಳಗೆ ಬರಕೂಡದು, ನಿಮ್ಮ ಮನೆ ಸೋರ್ತಿದ್ರೆ ನಮ್ಮನೆಗೆ ತನ್ನಿ ಅಂತ ಹೇಳಿಬಿಟ್ಟರು. ತಂದರು ನೋಡಿ. ಹಲಗೆ ಹಾಸಿ ಅದರ ಮೇಲೆ ಸೂರಿನ ತನಕ ಸೊಪ್ಪು. ಜಯಮ್ಮನ ಮನೆಯಲ್ಲಿ ಒಲೆ ಹಚ್ಚೋಕೆ ಜಾಗ ಇಲ್ಲದೆ ಬ್ಯಾರನ್ನಿನ ಚಪ್ಪರದಲ್ಲಿ ಅಡುಗೆ ಶುರುವಾಯಿತು. ಅವರ ಯಜಮಾನರು ದಿನವಿಡೀ ಸೀನೋದು, ಸೀನಿಸೀನಿ ಸುಸ್ತಾಗಿ ನನ್ನ ನೋಡಿ ಕೈಮುಗಿಯೋದು. ನಾನು ದಿನಾ ಬಸ್ಸಿನಲ್ಲಿ ಹೋಗಿ ಬಿಸಿಲಿದ್ದರೆ ಕಿಟಕಿ ತೆಗೆಸೋದು, ಮಳೆ ಬಂದರೆ ಮುಚ್ಚಿಸೋದು, ಬೋಗುಣಿ ಎತ್ತಿ ಎಲೆ ಮುಟ್ಟೋದು. ಮೆತ್ತಗೆ. ಮಾರನೇ ದಿನ ಮೆತ್ತಗೆ. ನನ್ನ ಮೂರು ತಿಂಗಳ ಗಡುವು ಹತ್ತಿರವಾಗ್ತಾ ಬಂತು, ಎಲೆ ಮಾತ್ರ ಜಗ್ಗಲಿಲ್ಲ.

ಗಡುವು ಮುಗಿಯೋಕೆ ಮೂರು ದಿನ ಇರುವಾಗ ಶಿವಣ್ಣನವರೇ ಬಂದು ಕೈಕಟ್ಟಿ ನಿಂತರು. ಜಯಮ್ಮ ಬೋಗುಣಿ ಎತ್ತಿದರು. ಎಲೆಯನ್ನು ನನ್ನ ಕಿವಿಯ ಹತ್ತಿರ ತಂದು ಮುಷ್ಟಿ ಹಿಡಿದರು. ಪಟಪಟ ಅಂತ ಸದ್ದು. ಆ ಸದ್ದು ನನಗೆ ವಾಲಗಕ್ಕಿಂತ ಚೆನ್ನಾಗಿ ಕೇಳಿಸಿತು. ಆ ಪುಡಿಯನ್ನು ಜಯಮ್ಮ ಅಕ್ಷತೆಯ ಹಾಗೆ ನನ್ನ ತಲೆ ಮೇಲೆ ಎರಚಿದರು. ನಾನು ಸೀನಿದೆ, ಶಿವಣ್ಣನವರು ಸೀನಿದರು, ಬಾಗಿಲಲ್ಲಿದ್ದವರೆಲ್ಲ ಒಬ್ಬರಾದ ಮೇಲೆ ಒಬ್ಬರು ಸೀನಿ, ಸೀನಿನ ನಡುವೆ ನಕ್ಕು, ನಗುವಿನ ನಡುವೆ ಸೀನಿ, ಬೇಲು ಹೊತ್ತುಕೊಂಡು ಒಳಗೆ ಬಂದರು. ಜೀಪು ಹತ್ತುವಾಗ ಶಿವಣ್ಣನವರು ಮೂಗು ಒರೆಸಿಕೊಳ್ಳುತ್ತಾ, ನಾಳೆ ಹಾರನಹಳ್ಳಿ ಸೈಟಿಗೆ ಹೋಗಮ್ಮ ಅಂದರು. ಅಷ್ಟೇ. ಟೈಪ್‌ರೈಟರ್ ತಪ್ಪಿತು.

ಅಲ್ಲಿಂದ ಮುಂದೆ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಸದಾ ಒಂದು ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಹೊಗೆಸೊಪ್ಪು. ಹೊರಡುವ ಮುಂಚೆ ಹಂಚಿನ ಮೇಲೆ ಬಿಸಿ ಮಾಡಿ ಗರಿಗರಿ ಮಾಡಿಕೊಳ್ತಿದ್ದೆ. ಮದುವೆಯಾದ ಹೊಸತರಲ್ಲಿ ನಮ್ಮತ್ತೆ ಅದನ್ನು ಕಂಡುಹಿಡಿದರು. ಸೊಸೆ ಸೊಪ್ಪು ಹಾಕ್ತಾಳೆ ಅಂತ ರಂಪ ಮಾಡಿದರಾ ಅಂದರೆ ಇಲ್ಲ. ಎಲೆ ಅಡಿಕೆಯ ಜೊತೆ ನನ್ನ ತೇವ ನೋಡುವ ಮೀಟರನ್ನೇ ಜಗಿದು, "ಸಪ್ಪೆ ಕಣೆ ಇದು, ಒಳ್ಳೇ ಸೊಪ್ಪು ತರಬಾರ್ದಾ" ಅಂದರು. ಅವತ್ತಿನಿಂದ ಅವರಿಗೊಂದು ಡಬ್ಬಿ, ನನಗೊಂದು ಡಬ್ಬಿ.

ಬೀಚನಹಳ್ಳಿಯಲ್ಲಿ ಒಬ್ಬರ ಅತಿಥಿಗೃಹದ ನೆಲ ತೇವ ಹಿಡಿದಾಗ ಊರಿಗೆ ಊರೇ ಅಣೆಕಟ್ಟಿನ ಕಡೆ ಬೆರಳು ತೋರಿಸಿತು. ಡ್ಯಾಮ್ ನೀರು ಕೆಳಗಿಂದ ಬರ್ತಾ ಇದೆ, ಏನು ಮಾಡೋಕಾಗುತ್ತೆ ಅಂತ. ನಾನು ಮನೆ ತುಂಬ ಒಂಬತ್ತು ಬೋಗುಣಿ ಬೋರಲು ಹಾಕಿದೆ. ಎಂಟು ಎಲೆ ಗರಿಗರಿ, ಬಚ್ಚಲ ಗೋಡೆ ಪಕ್ಕದ್ದು ಮಾತ್ರ ಮೆತ್ತಗೆ. ಅಲ್ಲಿ ಅಗೆದರೆ ಪೈಪಿನ ಒಂದು ಜಾಯಿಂಟು ತೊಟ್ಟಿಕ್ಕುತ್ತಾ ಕೂತಿತ್ತು. ಪೈಪಿಗೆ ನೀರು ತುಂಬಿಸಿ ಒಂದು ದಿನ ನೋಡಿದ ಮೇಲೆ ನೆಲ ಮುಚ್ಚಿ ಅಂತ ನಾನು ಬಡಕೊಳ್ಳೋದು ಇದಕ್ಕೇ. ಈಗ ನಿಮ್ಮ ಹತ್ತಿರ ಅಂಕಿ ತೋರಿಸುವ ಮೀಟರ್ ಇದೆ, ಸಂತೋಷ. ಅದನ್ನೇ ಬಳಸಿ. ಸೆಲ್ಲು ಮುಗಿದ ದಿನ ನಮ್ಮನೆಗೆ ಬನ್ನಿ.

ಮೊನ್ನೆ ಆ ನಾಲ್ಕು ಹುಡುಗಿಯರನ್ನು ಕಟ್ಟೆಮಳಲವಾಡಿಗೆ ಕರೆದುಕೊಂಡು ಹೋದೆ. ಕೊಠಡಿ ಇದೆ, ಗೋಡೆಯ ಬರಹಕ್ಕೆ ಹೊಸ ಬಣ್ಣ ಬಳಿದಿದಾರೆ. ಜಯಮ್ಮನಿಗೆ ಈಗ ಎಪ್ಪತ್ತು ದಾಟಿದೆ, ಬಾಗಿಲ ಬೀಗದ ಕೈ ಇನ್ನೂ ಅವರ ಸೊಂಟದಲ್ಲೇ. ನಾನು ಬರ್ತೀನಿ ಅಂತ ಹಿಂದಿನ ದಿನವೇ ಬೋಗುಣಿ ಬೋರಲು ಹಾಕಿಸಿದ್ದರು. ಎಲೆ ಎತ್ತಿ ಪುಡಿ ಮಾಡಿ ತೋರಿಸಿದರು, ಹುಡುಗಿಯರು ಸೀನಿದರು.

ಅವರು ನಗ್ತಾ ಆಚೆ ಹೋದ ಮೇಲೆ, ಮೂವತ್ತು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಜಯಮ್ಮೋರೆ, ಅವತ್ತು ತಪ್ಪು ನಂದು, ನೀವು ಮೈಮೇಲೆ ಹಾಕ್ಕೊಂಡ್ರಿ, ನಾನು ಸುಮ್ಮನೆ ನಿಂತುಬಿಟ್ಟೆ, ಯಾಕೆ ಹಂಗೆ ಮಾಡಿದ್ರಿ ಅಂದೆ.

"ನೆಲ ಕೆಟ್ರೆ ಒಡ್ದು ಇನ್ನೊಂದು ಹಾಕ್ಬೋದು ಕಣವ್ವ. ನಿಮ್ಮುನ್ನ ಸೈಟಿಂದ ಕಳ್ಸಬುಟ್ಟಿದ್ರೆ, ಇನ್ನೊಂದು ಎಣ್ಮಗೀನ ಆ ಯಪ್ಪ ಸೈಟಿಗೆ ಕಳುಸ್ತಿದ್ನಾ?" ಅಂದರು.

ಆಚೆ ಬಿಸಿಲಲ್ಲಿ ಆ ನಾಲ್ಕು ಜನ ಗೋಡೆಯ ಬರಹದ ಮುಂದೆ ನಿಂತು ಫೋಟೊ ತೆಗೆದುಕೊಳ್ತಾ ಇದ್ದರು. ನಾನು ಅವರನ್ನು ನೋಡಿದೆ, ಜಯಮ್ಮನ್ನ ನೋಡಿದೆ, ಇನ್ನು ತಡೆಯೋಕಾಗಲಿಲ್ಲ. ಅಲ್ಲೇ ಮಂಡಿ ನೋವನ್ನೂ ಮರೆತು ನೆಲದ ಮೇಲೆ ಕೂತು ಗಳಗಳ ಅತ್ತುಬಿಟ್ಟೆ.

ಜಯಮ್ಮ ನನ್ನ ತೋಳು ಹಿಡಿದು ಎಬ್ಬಿಸಿದರು.

"ಅಳಾದಾದ್ರೆ ಆಚೆ ಬನ್ನಿ ಇಂಜಿನೇರಮ್ಮ. ನೆಲ ತೇವ ಆಯ್ತದೆ."